ಹತ್ತು ಜನರ ಕಂಪ್ಯೂಟರು, ಒಂದು ಬೀಗದ ಕೈ

ವಾಚನಾಲಯದ ಪುಸ್ತಕಗಳನ್ನು ಯಾರು ಬೇಕಾದರೂ ಓದಬಹುದು. ಬೀರುವಿನ ಬೀಗದ ಕೈ ಮಾತ್ರ ಒಬ್ಬರ ಬಳಿ ಇರುತ್ತದೆ. ಇದನ್ನು ಯಾವ ಓದುಗರೂ ಅವಮಾನವೆಂದು ತಿಳಿಯುವುದಿಲ್ಲ. ಆದರೆ ಅದೇ ಓದುಗರು ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಹೊಸದೊಂದು ಪ್ರೋಗ್ರಾಮು ಹಾಕಹೋದಾಗ ಅದು ಪಾಸ್‌ವರ್ಡ್ ಕೇಳಿತೆಂದರೆ, "ನಮ್ಮ ಮೇಲೆ ನಂಬಿಕೆಯಿಲ್ಲವೆ?" ಎಂದು ಮುನಿಯುವುದುಂಟು. ಈ ಕಟ್ಟುಪಾಡು ಯಾರ ರಕ್ಷಣೆಗಾಗಿ ಎಂಬುದನ್ನು ಕೊಂಚ ವಿಚಾರಮಾಡೋಣ.

ಊರಿಗೆ ಹಣ ಕಳುಹಿಸಲು ಬ್ಯಾಂಕಿನ ಪುಟ ತೆರೆಯುವವರು, ಭವಿಷ್ಯನಿಧಿಯ ಲೆಕ್ಕ ನೋಡುವವರು ನಮ್ಮಲ್ಲಿ ಬಹಳ ಮಂದಿ. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿ ಕುಳಿತಿದ್ದವರು ಯಾರೋ, ಏನನ್ನು ಹಾಕಿಹೋದರೋ! ಒತ್ತಿದ ಕೀಲಿಯೊಂದೊಂದನ್ನೂ ಗುಟ್ಟಾಗಿ ಬರೆದಿಟ್ಟುಕೊಳ್ಳುವ ಪ್ರೋಗ್ರಾಮುಗಳುಂಟು. ಅಂಥದೊಂದು ಒಳಸೇರಿದರೆ ಆಮೇಲೆ ಬಂದವರ ಪಾಸ್‌ವರ್ಡೆಲ್ಲ ಪರರ ಪಾಲು. ನಿರ್ಬಂಧವಿರುವುದು ನಿಮ್ಮನ್ನು ತಡೆಯಲೆಂದಲ್ಲ, ನಿಮಗಿಂತ ಮೊದಲು ಬಂದವರಿಂದ ನಿಮ್ಮನ್ನು ಕಾಯಲೆಂದು.

ವಿಂಡೋಸ್ ಕಂಪ್ಯೂಟರಿನಲ್ಲಿ ಮುಖ್ಯವಾಗಿ ಎರಡು ಬಗೆಯ ಖಾತೆಗಳು. ಅಡ್ಮಿನಿಸ್ಟ್ರೇಟರ್ ಖಾತೆಯವರು ಇಡೀ ಯಂತ್ರದ ಯಜಮಾನರು. ಸ್ಟ್ಯಾಂಡರ್ಡ್ ಖಾತೆಯವರು ಪತ್ರ ಬರೆಯಬಹುದು, ಅರ್ಜಿ ತುಂಬಬಹುದು, ಅಚ್ಚು ತೆಗೆಯಬಹುದು. ಎಲ್ಲರಿಗೂ ತಟ್ಟುವಂಥ ಬದಲಾವಣೆ ಮಾಡಲಾರರು. ಸಾರ್ವಜನಿಕರಿಗೆ ಎರಡನೆಯದನ್ನೇ ಕೊಡತಕ್ಕದ್ದು.

ಇಷ್ಟು ಮಾಡಿ ನಿಶ್ಚಿಂತರಾಗುವ ಸಂಸ್ಥೆಗಳೇ ಹೆಚ್ಚು. ಆದರೆ ಎಲ್ಲರೂ ಆ ಒಂದೇ ಖಾತೆಯಲ್ಲಿ ಕುಳಿತರೆ ಅಪಾಯ ಅರ್ಧದಷ್ಟೂ ತಪ್ಪುವುದಿಲ್ಲ. ಬ್ರೌಸರಿಗೆ ಜೋಡಿಸುವ ಎಕ್ಸ್‌ಟೆನ್ಷನ್‌ಗಳಿಗೂ, ಪೆನ್‌ಡ್ರೈವಿನಿಂದಲೇ ನಡೆಯುವ ಕೆಲವು ಪ್ರೋಗ್ರಾಮುಗಳಿಗೂ ಯಜಮಾನರ ಅಪ್ಪಣೆ ಸಾಮಾನ್ಯವಾಗಿ ಬೇಕಿಲ್ಲ. ಬ್ರೌಸರು ನೆನಪಿಟ್ಟ ಪಾಸ್‌ವರ್ಡು, ಇಳಿಸಿಕೊಂಡ ಸಂಬಳದ ಚೀಟಿ, ಎಲ್ಲವೂ ಮುಂದಿನವರಿಗೆ ಬಡಿಸಿಟ್ಟ ಎಲೆಯಂತೆ ಕಾದಿರುತ್ತವೆ. ಆದ್ದರಿಂದ ಹಂಚಿಕೊಂಡು ಬಳಸುವ ಯಂತ್ರಕ್ಕೆ ಬೀಗಕ್ಕಿಂತಲೂ ಮರೆವು ಹೆಚ್ಚು ಅಗತ್ಯ. ಮೈಕ್ರೋಸಾಫ್ಟ್ ಸಂಸ್ಥೆ ಇದಕ್ಕೆಂದೇ 2007ರಲ್ಲಿ ಸ್ಟೆಡಿಸ್ಟೇಟ್ ಎಂಬುದನ್ನು ಉಚಿತವಾಗಿ ಕೊಟ್ಟಿತ್ತು. 2010ರ ಕೊನೆಗೆ ಅದನ್ನು ನಿಲ್ಲಿಸಿದ್ದು ಬಡ ಸಂಸ್ಥೆಗಳ ದುರದೃಷ್ಟವೆಂದೇ ಹೇಳಬೇಕು. ಹಣ ಕೊಟ್ಟು ಕೊಳ್ಳುವ ಡೀಪ್ ಫ್ರೀಜ್‌ನಂಥವು ಈಗಲೂ ಇವೆ. ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ನಡುವೆ ನಡೆದುದೆಲ್ಲ ಅಳಿಸಿ, ಮೊದಲಿನಂತಾಗುತ್ತದೆ. ನಿಮ್ಮ ಅರ್ಜಿಯೂ ಅದರೊಡನೆ ಹೋಗುತ್ತದೆ; ಏಳುವ ಮುನ್ನ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿರಿ.

ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ಮರೆಯುವುದೂ ಉಂಟು. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಹಲವರು ಏಕಕಾಲಕ್ಕೆ ಬಳಸುವ ಕಂಪ್ಯೂಟರ್ ವ್ಯವಸ್ಥೆಯೊಂದಿತ್ತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕರಿಗೆ ಅದರಲ್ಲಿ ವಾರಕ್ಕೆ 4 ಗಂಟೆ ಮಾತ್ರ ದೊರೆಯುತ್ತಿತ್ತು. ಅವರ ಕೆಲಸಕ್ಕೆ ಅದು ಸಾಲದು. ಪಾಸ್‌ವರ್ಡುಗಳಿದ್ದ ಕಡತವನ್ನೇ ಅಚ್ಚುಮಾಡುವಂತೆ ಒಂದು ರಂಧ್ರಪತ್ರದಲ್ಲಿ ಕೋರಿಕೆ ಸಲ್ಲಿಸಿದರು, ಯಂತ್ರ ಅಚ್ಚುಮಾಡಿಯೇಬಿಟ್ಟಿತು! ಅವರಿಗೆ ಬೇಕಿದ್ದುದು ಇನ್ನಷ್ಟು ಹೊತ್ತು, ಅಷ್ಟೆ. ಎಲ್ಲರೂ ಅಷ್ಟು ಸಾಧುಗಳಿರಲಾರರು. ಇಂದಿನ ಯಂತ್ರಗಳ ಹಿತ್ತಿಲ ಬಾಗಿಲೆಂದರೆ ಪೆನ್‌ಡ್ರೈವಿನಲ್ಲಿ ಬೇರೊಂದು ಕಾರ್ಯಾಚರಣೆ ವ್ಯವಸ್ಥೆಯನ್ನು ತಂದು ಅದರಿಂದಲೇ ಯಂತ್ರ ಹೊತ್ತಿಸುವುದು. ಹಾಗೆ ಮಾಡಿದರೆ ವಿಂಡೋಸಿನ ಖಾತೆಗಳ ಕಾವಲು ನಡೆಯದು. ಬಯೋಸ್ ಎಂಬಲ್ಲಿ ಇದನ್ನು ನಿಲ್ಲಿಸಿ, ಅದಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇಡಬೇಕು.

ಇನ್ನು ಕೀಬೋರ್ಡಿನ ತಂತಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸುವ ಬೆರಳುದ್ದದ ಕಳ್ಳ ಉಪಕರಣವನ್ನು ಯಾವ ಖಾತೆಯೂ ತಡೆಯದು. ಕುಳಿತುಕೊಳ್ಳುವ ಮುನ್ನ ಬಗ್ಗಿ ಹಿಂಬದಿಯನ್ನೊಮ್ಮೆ ನೋಡಿರಿ. ಹಣದ ವ್ಯವಹಾರವನ್ನಂತೂ ಆದಷ್ಟೂ ಸ್ವಂತ ಮೊಬೈಲಿನಲ್ಲೇ ಮಾಡುವುದು ಲೇಸು.

ಯಜಮಾನ ಖಾತೆಯ ಪಾಸ್‌ವರ್ಡ್ ಒಬ್ಬರಿಗೇ ತಿಳಿದಿದ್ದು, ಅವರು ರಜೆಯ ಮೇಲೆ ಊರಿಗೆ ಹೋದರೆ ತಿಂಗಳಗಟ್ಟಲೆ ಯಂತ್ರದ ರಿಪೇರಿ ನಿಲ್ಲುತ್ತದೆ. ಅದನ್ನು ಬರೆದು, ಲಕೋಟೆಯಲ್ಲಿಟ್ಟು, ಅಂಟಿಸಿ, ಕಾರ್ಯದರ್ಶಿಗಳ ಬೀರುವಿನಲ್ಲಿಡುವುದು. ಲಕೋಟೆ ಒಡೆದ ದಿನವೇ ಪಾಸ್‌ವರ್ಡ್ ಬದಲಾಯಿಸುವುದು.