ಯಂತ್ರರಚನೆಯಲ್ಲಿ ಬದಲಾವಣೆಯ ಲೆಕ್ಕ

ಬಡಗಿಯೊಬ್ಬನು ಬಾಗಿಲುವಾಡವನ್ನು ಒಂದು ಅಂಗುಲ ಅಗಲಮಾಡಿದನೆಂದರೆ, ಕದವನ್ನೂ ಅದಕ್ಕೆ ತಕ್ಕಂತೆ ಅಗಲಮಾಡಲು ಮರೆಯುವುದಿಲ್ಲ. ಎರಡೂ ಅವನ ಕಣ್ಣೆದುರಿಗೇ ಇರುತ್ತವೆ. ನಕ್ಷೆಯು ಅವನ ತಲೆಯಲ್ಲಿಯೇ ಇರುತ್ತದೆ. ಆದರೆ ವಾಡವನ್ನು ಒಂದು ಊರಿನಲ್ಲಿಯೂ, ಕದವನ್ನು ಇನ್ನೊಂದರಲ್ಲಿಯೂ, ಕೀಲುಗಳನ್ನು ಮೂರನೆಯದರಲ್ಲಿಯೂ ಮಾಡಿಸುವುದಾದರೆ? ವಾಡದ ಅಳತೆ ಬದಲಾದ ಸಂಗತಿಯು ಉಳಿದವರಿಗೆ ತಲಪಿತೇ, ತಲಪಿದ ಮೇಲೆ ಅವರು ತಮ್ಮ ಕೆಲಸವನ್ನು ತಿದ್ದಿಕೊಂಡರೇ, ತಿದ್ದಿದುದನ್ನು ಯಾರಾದರೂ ಪರೀಕ್ಷಿಸಿದರೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಏರ್ಪಾಡೊಂದು ಬೇಕಾಗುತ್ತದೆ. ದೊಡ್ಡ ಯಂತ್ರಗಳನ್ನೂ ಗಣಕಯಂತ್ರದ ಕ್ರಮವಿಧಿಗಳನ್ನೂ ರಚಿಸುವವರು ಇದನ್ನು ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್, ಎಂದರೆ ಸಂರಚನಾ ನಿರ್ವಹಣೆ, ಎಂದು ಕರೆಯುತ್ತಾರೆ. ಹೆಸರೇನೋ ನೀರಸವಾಗಿದೆ, ಇದು ಗುಮಾಸ್ತರ ಕೆಲಸವೆಂದು ತೋರಿದರೂ ಆಶ್ಚರ್ಯವಿಲ್ಲ. ಆದರೆ ಈ ಲೆಕ್ಕದಲ್ಲಿ ಒಂದು ಸಾಲು ತಪ್ಪಿದುದರಿಂದ ಮೂವರ ಪ್ರಾಣಕ್ಕೆ ಸಂಚಕಾರ ಬಂದ ಪ್ರಸಂಗವೊಂದುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

1970ನೆಯ ಇಸವಿ ಏಪ್ರಿಲ್ 11ರಂದು ಅಪೊಲೊ 13 ನೌಕೆಯು ಲೊವೆಲ್, ಸ್ವೈಗರ್ಟ್, ಹೇಸ್ ಎಂಬ ಮೂವರನ್ನು ಹೊತ್ತು ಚಂದ್ರನತ್ತ ಹೊರಟಿತು. ಸುಮಾರು 56 ಗಂಟೆಗಳಾದ ಮೇಲೆ, ಭೂಮಿಯಿಂದ 3 ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಅದರ ಎರಡನೆಯ ಆಮ್ಲಜನಕದ ತೊಟ್ಟಿಯು ಸಿಡಿಯಿತು. ಚಂದ್ರನ ಮೇಲೆ ಇಳಿಯಲೆಂದು ಒಯ್ದಿದ್ದ ಪುಟ್ಟ ನೌಕೆಯನ್ನೇ ಆಶ್ರಯಿಸಿ ಯಾತ್ರಿಕರು ಏಪ್ರಿಲ್ 17ರಂದು ಕ್ಷೇಮವಾಗಿ ಹಿಂದಿರುಗಿದ ಕಥೆಯು ಅನೇಕರಿಗೆ ತಿಳಿದಿದೆ. ತೊಟ್ಟಿಯ ಕಥೆಯು ಅಷ್ಟಾಗಿ ತಿಳಿದಿಲ್ಲ.

ಆ ತೊಟ್ಟಿಯೊಳಗೆ ಅತಿ ಶೀತಲವಾದ ಆಮ್ಲಜನಕವನ್ನು ಬೆಚ್ಚಗೆ ಮಾಡಲು ಒಂದು ವಿದ್ಯುತ್ ತಾಪಕವೂ, ಉಷ್ಣತೆಯು ಸುಮಾರು 27 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದೊಡನೆ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್ ಸ್ವಿಚ್ಚುಗಳೂ ಇದ್ದುವು. 1962ರ ವಿವರಣಾಪತ್ರದಲ್ಲಿ ಇವೆಲ್ಲವೂ ನೌಕೆಯ 28 ವೋಲ್ಟುಗಳಿಗೆ ಹೊಂದುವಂತಿರಬೇಕೆಂದಿತ್ತು. ಮುಂದೆ 1965ರಲ್ಲಿ, ಉಡ್ಡಯನ ಕೇಂದ್ರದಲ್ಲಿ ತಾಪಕಕ್ಕೆ 65 ವೋಲ್ಟುಗಳನ್ನು ಕೊಡುವುದೆಂದು ತೀರ್ಮಾನವಾಗಿ, ಮುಖ್ಯ ಗುತ್ತಿಗೆದಾರರಾದ ನಾರ್ತ್ ಅಮೆರಿಕನ್ ಸಂಸ್ಥೆಯವರು ತೊಟ್ಟಿಯನ್ನು ಮಾಡುತ್ತಿದ್ದ ಬೀಚ್ ಸಂಸ್ಥೆಗೆ ತಿದ್ದಿದ ವಿವರಣೆಯನ್ನು ಕಳುಹಿಸಿದರು. ಪತ್ರವು ತಲಪಿತು, ಸ್ವಿಚ್ಚುಗಳು ಮಾತ್ರ ಹಳೆಯವೇ ಉಳಿದುವು. ಬೀಚ್ ಸಂಸ್ಥೆಯಾಗಲೀ, ನಾರ್ತ್ ಅಮೆರಿಕನ್ ಆಗಲೀ, ನಾಸಾ ಆಗಲೀ ಇದನ್ನು ಗಮನಿಸಲಿಲ್ಲ. ಅಪೊಲೊ ಯೋಜನೆಗೆಂದೇ ಸಂರಚನಾ ನಿರ್ವಹಣೆಯ ಕೈಪಿಡಿಯೊಂದು 1964ರಲ್ಲಿಯೇ ಹೊರಬಿದ್ದಿತ್ತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇಷ್ಟು ವರ್ಷ ಈ ದೋಷವು ಹೊರಬೀಳದಿದ್ದುದು ಹೇಗೆ? ಮುಚ್ಚಿದ ಸ್ವಿಚ್ಚಿನ ಮೂಲಕ ವಿದ್ಯುತ್ತು ಹರಿಯುವಾಗ ಅಪಾಯವೇನೂ ಇಲ್ಲ. ಅದು ತೆರೆದುಕೊಳ್ಳುವ ಕ್ಷಣದಲ್ಲಿ ಎರಡು ತುದಿಗಳ ನಡುವೆ ಕಿಡಿ ಹಾರುತ್ತದೆ. ವೋಲ್ಟುಗಳು ಮಿತಿಮೀರಿದ್ದರೆ ಲೋಹವು ಕರಗಿ ತುದಿಗಳು ಬೆಸೆದುಹೋಗುತ್ತವೆ. ಸಾಮಾನ್ಯವಾಗಿ ತೊಟ್ಟಿಯು ತಣ್ಣಗೇ ಇರುತ್ತಿದ್ದುದರಿಂದ ಸ್ವಿಚ್ಚು ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. 65 ವೋಲ್ಟುಗಳಲ್ಲಿ ಅದನ್ನು ತೆರೆದುನೋಡುವ ಪರೀಕ್ಷೆಯನ್ನೂ ಯಾರೂ ವಿಧಿಸಿರಲಿಲ್ಲ.

ಈ ತೊಟ್ಟಿಯು ಮೊದಲು ಅಪೊಲೊ 10ಕ್ಕೆ ಸೇರಿದ್ದು, 1968ರಲ್ಲಿ ಅದನ್ನು ಕಳಚುವಾಗ ಸುಮಾರು ಎರಡು ಅಂಗುಲ ಎತ್ತರದಿಂದ ಬಿದ್ದಿತ್ತು. ಬಹುಶಃ ಆಗಲೇ ಒಳಗಿನ ಕೊಳವೆಯೊಂದು ಸಡಿಲವಾಗಿರಬೇಕು. 1970ರ ಮಾರ್ಚಿಯಲ್ಲಿ ಪೂರ್ವಾಭ್ಯಾಸದ ತರುವಾಯ ತೊಟ್ಟಿಯನ್ನು ಬರಿದುಮಾಡಲು ಹೋದರೆ ಆಮ್ಲಜನಕವು ಹೊರಬರಲೊಲ್ಲದು. ತಾಪಕವನ್ನು ಹಚ್ಚಿ ಅದನ್ನು ಆವಿಯಾಗಿಸಿಬಿಡೋಣವೆಂದು ಎಂಟು ಗಂಟೆಗಳ ಕಾಲ ವಿದ್ಯುತ್ತನ್ನು ಹರಿಸಿದರು. ಸ್ವಿಚ್ಚು ತೆರೆಯಲು ಹೋಗಿ ಬೆಸೆದುಕೊಂಡಿತು. ಹೊರಗಿನ ಮಾಪಕವು ಸುಮಾರು 27 ಡಿಗ್ರಿಗಿಂತ ಮೇಲಕ್ಕೆ ತೋರಿಸುವಂತಹುದಾಗಿರಲಿಲ್ಲ. ನೋಡುತ್ತಿದ್ದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಒಳಗೆ ತಾಪಕದ ಕೊಳವೆಯ ಕೆಲವೆಡೆ ಉಷ್ಣತೆಯು 500 ಡಿಗ್ರಿಯನ್ನು ಮೀರಿ, ಪಂಖದ ತಂತಿಗಳ ಮೇಲಣ ಟೆಫ್ಲಾನ್ ಹೊದಿಕೆಯು ಕೆಟ್ಟುಹೋಯಿತು. ಆಕಾಶದಲ್ಲಿ ಆ ಪಂಖವನ್ನು ತಿರುಗಿಸಿದಾಗ ಕಿಡಿಯೊಂದು ಹಾರಿದುದೇ ಸಾಕಾಯಿತು.

ಇಂತಹ ತಪ್ಪು ನುಸುಳದಿರಲೆಂದು ನಿರ್ವಾಹಕರು ಮೊದಲು ಒಂದು ಆಧಾರ ಸಂರಚನೆಯನ್ನು ಗೊತ್ತುಮಾಡುತ್ತಾರೆ: ಇಂತಹ ದಿನ, ಇಂತಿಂತಹ ಸಂಖ್ಯೆಯ ಭಾಗಗಳು, ಇಂತಿಂತಹ ನಕ್ಷೆಗಳು ಎಂದು. ಆಮೇಲೆ ಯಾವ ಬದಲಾವಣೆಯೂ ಒಂದು ಮಂಡಲಿಯ ಒಪ್ಪಿಗೆಯಿಲ್ಲದೆ ನಡೆಯಕೂಡದು. ಆ ಮಂಡಲಿಯು ಕೇಳುವ ಪ್ರಶ್ನೆಗಳಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವುದು, ಈ ಬದಲಾವಣೆಯು ಇನ್ನಾವ ಭಾಗಗಳನ್ನು ಮುಟ್ಟುತ್ತದೆ ಎಂಬುದು. ಕಡೆಗೆ, ಕಾಗದದಲ್ಲಿರುವುದೂ ಯಂತ್ರದಲ್ಲಿರುವುದೂ ಒಂದೇ ಎಂಬುದನ್ನು ಕಣ್ಣಾರೆ ತಾಳೆನೋಡಬೇಕು. ತೊಟ್ಟಿಯ ವಿಷಯದಲ್ಲಿ ನಡೆಯದೆ ಹೋದುದು ಇವೇ.

ಗಣಕಯಂತ್ರದ ಕ್ರಮವಿಧಿಯಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಒಂದು ಅಕ್ಷರವನ್ನು ತಿದ್ದಲು ಅರೆಗಳಿಗೆ ಸಾಕು. ತಿದ್ದಿದ ಗುರುತೂ ಉಳಿಯದು. ಆದುದರಿಂದಲೇ ಪ್ರತಿಯೊಂದು ತಿದ್ದುಪಡಿಯನ್ನೂ ದಾಖಲೆಮಾಡುವ ಸಾಧನಗಳು ಹುಟ್ಟಿದುವು: 1972ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ರಾಕ್‌ಕೈಂಡ್ ರಚಿಸಿದ ಎಸ್‌ಸಿಸಿಎಸ್ ಒಂದು, 2005ರಲ್ಲಿ ಟೊರ್‌ವಾಲ್ಡ್ಸ್ ರಚಿಸಿದ, ಇಂದು ಬಹು ಬಳಕೆಯಲ್ಲಿರುವ ಗಿಟ್ ಮತ್ತೊಂದು. ಆದರೆ ದಾಖಲೆಯು ಸರಿಯಾಗಿದ್ದ ಮಾತ್ರಕ್ಕೆ ಓಡುತ್ತಿರುವ ಯಂತ್ರವೂ ಸರಿಯಾಗಿರುತ್ತದೆನ್ನಲಾಗದು. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಸಂಸ್ಥೆಯು 2012ರಲ್ಲಿ ಹೊಸ ಕ್ರಮವಿಧಿಯನ್ನು ಎಂಟು ಗಣಕಗಳಲ್ಲಿ ಇಡಬೇಕಾಗಿದ್ದಿತು. ಏಳರಲ್ಲಿ ಮಾತ್ರ ಇಟ್ಟಿತು. ಎಂಟನೆಯದರಲ್ಲಿ ಬಹುಕಾಲದಿಂದ ನಿರುಪಯೋಗಿಯಾಗಿದ್ದ ಹಳೆಯ ವಿಧಿಯೊಂದಿತ್ತು. ಹೊಸ ವಿಧಿಗೆಂದು ಕೊಟ್ಟ ಸಂಜ್ಞೆಯೇ ಅದನ್ನೂ ಎಬ್ಬಿಸಿತು. ಆಗಸ್ಟ್ 1ರ ಬೆಳಿಗ್ಗೆ ಸುಮಾರು 45 ನಿಮಿಷಗಳಲ್ಲಿ ಅದು ಲಕ್ಷಗಟ್ಟಲೆ ವ್ಯವಹಾರಗಳನ್ನು ನಡೆಸಿ, 46 ಕೋಟಿ ಡಾಲರುಗಳಿಗೂ ಮೀರಿದ ನಷ್ಟವನ್ನು ತಂದಿತು. ಗಾಬರಿಗೊಂಡ ಕೆಲಸಗಾರರು, ದೋಷವು ಹೊಸ ವಿಧಿಯಲ್ಲಿದೆಯೆಂದು ಬಗೆದು, ಅದನ್ನು ಸರಿಯಾಗಿದ್ದ ಏಳು ಗಣಕಗಳಿಂದ ತೆಗೆದುಹಾಕಿದರು. ಆಗ ಎಂಟು ಗಣಕಗಳಲ್ಲಿಯೂ ಹಳೆಯ ವಿಧಿಯೇ ನಡೆಯತೊಡಗಿತು.