*ಸಂದೇಶ ಪೊರೆಯನ್ನು ಮುಟ್ಟದಿದ್ದರೆ: ಬಿಟಿಕೆ ಎಂಬ ಪ್ರೋಟೀನಿನ ಕಥೆ*



ಒಂದು ಮನೆಯಲ್ಲಿ ಪುಟ್ಟ ಗಂಡುಮಗುವಿಗೆ ಪದೇ ಪದೇ ಕಿವಿ ಸೋರುತ್ತದೆ, ನ್ಯುಮೋನಿಯಾ ಮರುಕಳಿಸುತ್ತದೆ. ಇನ್ನೊಂದು ಮನೆಯಲ್ಲಿ ರಕ್ತದ ಕ್ಯಾನ್ಸರಿಗೆ ಮಾತ್ರೆ ನುಂಗುತ್ತಿರುವ ಅಜ್ಜನಿಗೆ ಎದೆ ಡವಡವ ಎನ್ನುತ್ತದೆ. ಈ ಎರಡೂ ಕಡೆ ಒಂದೇ ಪ್ರೋಟೀನಿನ ಹೆಸರು ಬರಬಹುದು: ಬಿಟಿಕೆ.

*ಪೊರೆಯ ಬಳಿ ನಡೆಯುವುದೇನು?*

ನಮ್ಮ ಬಿಳಿ ರಕ್ತಕಣಗಳಲ್ಲಿ ಬಿ ಕಣಗಳೆಂಬ ಒಂದು ಬಗೆಯಿದೆ. ಆಂಟಿಬಾಡಿ ತಯಾರಿಸುವ ಕಣಗಳು ಇವುಗಳಿಂದಲೇ ಆಗುವುದು. ಪ್ರತಿ ಬಿ ಕಣಕ್ಕೂ ತೆಳುವಾದ ಕೊಬ್ಬಿನ ಪೊರೆಯಿದೆ. ಪೊರೆಯ ಹೊರಮೈಯಲ್ಲಿ ರೋಗಾಣುವನ್ನು ಗುರುತಿಸುವ ರಿಸೆಪ್ಟರ್‌ಗಳಿವೆ. ರೋಗಾಣು ಬಂದು ರಿಸೆಪ್ಟರಿಗೆ ಅಂಟಿದಾಗ ಆ ಸುದ್ದಿ ಒಳಗೆ ಹೋಗಬೇಕು.

ಸುದ್ದಿ ಒಯ್ಯುವ ಪ್ರೋಟೀನ್‌ಗಳಲ್ಲಿ ಬಿಟಿಕೆ ಮುಖ್ಯವಾದದ್ದು. ಅದು ಕಣದೊಳಗಿನ ದ್ರವದಲ್ಲಿ ತೇಲಿಕೊಂಡಿರುತ್ತದೆ. ಅಂಚೆಯವನು ಊರಲ್ಲಿದ್ದರೆ ಸಾಲದು, ಬಾಗಿಲಿಗೆ ಬರಬೇಕು. ಹಾಗೆಯೇ ಬಿಟಿಕೆ ಪೊರೆಯ ಒಳಮೈಗೆ ಬಂದು ನಿಲ್ಲಬೇಕು.

ರಿಸೆಪ್ಟರ್ ಎಚ್ಚೆತ್ತ ಕೂಡಲೇ ಒಂದು ಕಿಣ್ವವು ಪೊರೆಯಲ್ಲಿರುವ ಪಿಐಪಿ2 ಎಂಬ ಕೊಬ್ಬಿನ ಅಣುವಿಗೆ ಇನ್ನೊಂದು ಫಾಸ್ಫೇಟ್ ಸೇರಿಸಿ ಪಿಐಪಿ3 ಮಾಡುತ್ತದೆ. ಬಿಟಿಕೆಯ ತುದಿಯಲ್ಲಿರುವ ಕೊಕ್ಕೆಯಂಥ ಭಾಗ ಈ ಪಿಐಪಿ3 ಅನ್ನು ಹಿಡಿದುಕೊಳ್ಳುತ್ತದೆ. ಅಲ್ಲಿರುವ ಬೇರೆ ಪ್ರೋಟೀನ್‌ಗಳು ಅದನ್ನು ಚುರುಕುಗೊಳಿಸುತ್ತವೆ. ಕಣದೊಳಗೆ ಕ್ಯಾಲ್ಸಿಯಂ ಏರುತ್ತದೆ, "ಬದುಕು, ಹೆಚ್ಚಾಗು" ಎಂಬ ಆಜ್ಞೆ ಮುಂದೆ ಹೋಗುತ್ತದೆ.

*ತಲುಪದಿದ್ದರೆ?*

ಬಿಟಿಕೆಯಲ್ಲಿ 659 ಅಮೈನೋ ಆಮ್ಲಗಳಿವೆ. 28ನೆಯ ಜಾಗದಲ್ಲಿ ಆರ್ಜಿನಿನ್ ಬದಲು ಸಿಸ್ಟೀನ್ ಬಂದರೆ ಸಾಕು, ಕೊಕ್ಕೆ ಹಿಡಿಯುವುದಿಲ್ಲ. ಬಿಟಿಕೆ ಪೊರೆಗೆ ಬಂದು ನಿಲ್ಲಲಾರದು. ಬಿ ಕಣಗಳು ಬೆಳೆಯುವುದಿಲ್ಲ, ಆಂಟಿಬಾಡಿ ತಯಾರಾಗುವುದಿಲ್ಲ. ಬಿಟಿಕೆಯ ಬೇರೆ ದೋಷಗಳಿಂದಲೂ ಇದೇ ಕಾಯಿಲೆ ಬರುತ್ತದೆ.

1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್ 8 ವರ್ಷದ ಹುಡುಗನಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಕಾರಣವಾದ ಜೀನ್ ಸಿಕ್ಕಿದ್ದು 1993ರಲ್ಲಿ. ಅದು ಎಕ್ಸ್ ಕ್ರೋಮೋಸೋಮಿನಲ್ಲಿರುವುದರಿಂದ ಕಾಯಿಲೆ ಬಹುತೇಕ ಗಂಡುಮಕ್ಕಳಿಗೇ ಬರುತ್ತದೆ.

ತಾಯಿಯಿಂದ ಬಂದ ಆಂಟಿಬಾಡಿ ಕರಗುವ ಸುಮಾರು 6 ತಿಂಗಳ ನಂತರ ಸೋಂಕುಗಳು ಶುರುವಾಗುತ್ತವೆ. ಪದೇ ಪದೇ ಕಿವಿ, ಸೈನಸ್, ಶ್ವಾಸಕೋಶದ ಸೋಂಕು. ಗಂಟಲಲ್ಲಿ ಟಾನ್ಸಿಲ್ ಕಾಣುವುದೇ ಕಷ್ಟ. "ಊರು ಬದಲಾಯಿತು, ನೀರು ಒಗ್ಗಲಿಲ್ಲ" ಎಂದು ಪ್ರತಿ ಸಲವೂ ಸಮಾಧಾನ ಮಾಡಿಕೊಳ್ಳಬೇಡಿ. ರಕ್ತದಲ್ಲಿ ಇಮ್ಯುನೋಗ್ಲೋಬುಲಿನ್ ಪರೀಕ್ಷೆ ಬೇಕೇ ಎಂದು ಮಕ್ಕಳ ವೈದ್ಯರನ್ನು ಕೇಳಿ. ಕಾಯಿಲೆ ಖಚಿತವಾದರೆ ಇಮ್ಯುನೋಗ್ಲೋಬುಲಿನ್ ಚಿಕಿತ್ಸೆಯಿದೆ. ಅಂಥ ಮಗುವಿಗೆ ಬಾಯಿಗೆ ಹಾಕುವ ಪೋಲಿಯೋ ಹನಿ ಕೊಡಬಾರದು. ತಾಯಿಯ ತವರಿನಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಲಸಿಕೆಗೆ ಮೊದಲೇ ತಿಳಿಸಿ.

*ಹೃದಯಕ್ಕೂ ಇದಕ್ಕೂ ಏನು ಸಂಬಂಧ?*

ಕೆಲವು ರಕ್ತದ ಕ್ಯಾನ್ಸರ್‌ಗಳಲ್ಲಿ ಕೆಟ್ಟ ಬಿ ಕಣಗಳು ಬಿಟಿಕೆಯನ್ನೇ ನೆಚ್ಚಿಕೊಂಡು ಬದುಕುತ್ತವೆ. 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಬ್ರುಟಿನಿಬ್ ಮಾತ್ರೆ ಬಿಟಿಕೆಗೆ ಅಂಟಿ ಅದನ್ನು ನಿಲ್ಲಿಸುತ್ತದೆ. ಒಳ್ಳೆಯ ಔಷಧ. ಆದರೆ ಕೆಲವರಲ್ಲಿ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳ ತಪ್ಪಿದ ಹೃದಯಬಡಿತ ಬರುತ್ತದೆ, ರಕ್ತಸ್ರಾವದ ಅಪಾಯವೂ ಹೆಚ್ಚುತ್ತದೆ. ಅಕಾಲಬ್ರುಟಿನಿಬ್, ಝಾನುಬ್ರುಟಿನಿಬ್‌ಗಳಲ್ಲಿ ಬಡಿತದ ತೊಂದರೆ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಊರಲ್ಲಿ ಕ್ಯಾನ್ಸರ್ ವೈದ್ಯರು, ಮಗನ ಮನೆಯಿರುವ ಪುಣೆಯಲ್ಲೋ ಹೈದರಾಬಾದಿನಲ್ಲೋ ಹೃದಯ ವೈದ್ಯರು ಎನ್ನುವ ಕುಟುಂಬಗಳು ಇದನ್ನು ಗಮನಿಸಬೇಕು:

✅ ಎಲ್ಲ ಮಾತ್ರೆಗಳ ಪಟ್ಟಿಯನ್ನು ಇಬ್ಬರು ವೈದ್ಯರಿಗೂ ತೋರಿಸಿ.
✅ ಡಿಲ್ಟಿಯಾಜೆಮ್, ವೆರಪಾಮಿಲ್ ಎಂಬ ಹೃದಯದ ಔಷಧಗಳು ರಕ್ತದಲ್ಲಿ ಇಬ್ರುಟಿನಿಬ್ ಪ್ರಮಾಣವನ್ನು ಏರಿಸುತ್ತವೆ.
✅ ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಪ್ಪದೆ ಹೇಳಿ.
✅ ನಾಡಿ ತಾಳ ತಪ್ಪಿದರೆ, ಉಸಿರು ಕಟ್ಟಿದರೆ, ತಲೆಸುತ್ತು ಬಂದರೆ ಅದೇ ದಿನ ಇಸಿಜಿ ಮಾಡಿಸಿ. ಎದೆನೋವು ಅಥವಾ ಮೂರ್ಛೆ ಇದ್ದರೆ ನೇರ ತುರ್ತು ವಿಭಾಗಕ್ಕೆ ಹೋಗಿ.
❌ ಈ ಲೇಖನ ಓದಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇದು ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು. ಉಪಯೋಗವಾಗುವವರಿಗೆ ಕಳುಹಿಸಿ.