ಪಂಚರ ರಾಜಿ ಮಾಲೀಕನನ್ನು ಕಾಯುವುದಿಲ್ಲ

ಶಹಾಬಾದಿನ ಫರ್ಸಿ ಪಾಲಿಶ್ ಯುನಿಟ್ಟಿನಲ್ಲೋ ಸೇಡಂ, ಚಿತ್ತಾಪುರದ ದಾಲ್ ಮಿಲ್ಲಿನಲ್ಲೋ ಕೆಲಸಗಾರನೊಬ್ಬ ಯಂತ್ರಕ್ಕೆ ಸಿಕ್ಕು ತೀರಿಕೊಂಡರೆ ಮುಂದೆ ಏನಾಗುತ್ತದೆಂದು ನಮ್ಮ ಭಾಗದವರಿಗೆ ಗೊತ್ತು. ಹಿರಿಯರು ಕೂಡುತ್ತಾರೆ, ಒಂದು ಮೊತ್ತಕ್ಕೆ ಮಾತು ಮುಗಿಯುತ್ತದೆ. ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬಾಂಡ್ ಪೇಪರಿನಲ್ಲಿ ಬರೆಸಿ ಹೆಂಡತಿಯ ಹೆಬ್ಬೆಟ್ಟು ಒತ್ತಿಸುತ್ತಾರೆ. ಮಾಲೀಕ ನಿಶ್ಚಿಂತನಾಗುತ್ತಾನೆ. ಆದರೆ ಕಾನೂನಿನ ಮುಂದೆ ಆ ಕಾಗದ ನಿಲ್ಲುವುದಿಲ್ಲ.

ಕೆಲಸದ ವೇಳೆ ಸಾವಾದರೆ ಪರಿಹಾರದ ಹಣವನ್ನು ನೌಕರರ ಪರಿಹಾರದ ಅಧಿಕಾರಿಯ ಬಳಿ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟಿದ್ದರಲ್ಲಿ ಮೂರು ತಿಂಗಳ ಕೂಲಿಯಷ್ಟು ಮುಂಗಡ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪರಿಹಾರದ ಹಕ್ಕು ಬಿಟ್ಟುಕೊಟ್ಟೆ ಎಂಬ ಒಪ್ಪಂದವೂ ಅಸಿಂಧು. ಹೀಗಾಗಿ ಆ ಹೆಣ್ಣುಮಗಳು ಆಮೇಲೆ ಅರ್ಜಿ ಹಾಕಿದರೆ ಮಾಲೀಕ ಮತ್ತೆ ಪೂರ್ತಿ ಹಣ ಕಟ್ಟಬೇಕಾದೀತು. ತಿಂಗಳಿಗೆ 15,000 ರೂಪಾಯಿ ಪಡೆಯುತ್ತಿದ್ದ 30 ವರ್ಷದವನ ಲೆಕ್ಕ ನೋಡಿ: ಕೂಲಿಯ ಅರ್ಧ 7,500, ವಯಸ್ಸಿನ ಗುಣಕ 207.98, ಒಟ್ಟು 15,59,850 ರೂಪಾಯಿ. ತಿಂಗಳೊಳಗೆ ಕಟ್ಟದಿದ್ದರೆ ಶೇ. 12ರ ಬಡ್ಡಿ, ತಕ್ಕ ಕಾರಣವಿಲ್ಲದಿದ್ದರೆ ಅರ್ಧದವರೆಗೂ ದಂಡ. ಸಣ್ಣ ಯುನಿಟ್ ಮುಚ್ಚಿಹೋಗಲು ಇಷ್ಟು ಸಾಕು.

ಹತ್ತು ಅಥವಾ ಹೆಚ್ಚು ಜನ ಇದ್ದರೆ ಇಎಸ್‌ಐ ನೋಂದಣಿ ಮಾಡಿಸಿ. ತಿಂಗಳ ಕೂಲಿ 21,000ದೊಳಗಿನವರಿಗೆ ಮಾಲೀಕ ಶೇ. 3.25, ಕೆಲಸಗಾರ ಶೇ. 0.75 ಕಟ್ಟಿದರೆ ಅಪಘಾತದ ಹೊಣೆ ಇಎಸ್‌ಐ ನಿಗಮದ್ದು. ಅದಕ್ಕಿಂತ ಕಡಿಮೆ ಜನರಿದ್ದರೆ ನೌಕರರ ಪರಿಹಾರದ ವಿಮೆ ಮಾಡಿಸಿ. ಆರು ಜನರನ್ನು ದುಡಿಸಿ ಪಾಲಿಸಿಯಲ್ಲಿ ಮೂವರನ್ನು ತೋರಿಸುವುದು ಉಳಿತಾಯವಲ್ಲ, ನಿಮ್ಮ ರಕ್ಷಣೆಯನ್ನೇ ಕಳೆದುಕೊಳ್ಳುವ ದಾರಿ.

ಎರಡನೆಯ ದೊಡ್ಡ ತಕರಾರು ‘ನಾಳೆಯಿಂದ ಬರಬೇಡ’ ಎಂಬ ಬಾಯಿಮಾತಿನದು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ಕೆಲಸ ಇಲ್ಲವೆಂದು ಬಿಡಿಸುವಾಗ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಕೂಲಿ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಕೂಲಿ ಕೊಡಬೇಕು. ತಪ್ಪು ಮಾಡಿದ್ದರೆ ಲಿಖಿತ ಆರೋಪ, ಅವನ ಉತ್ತರ, ವಿಚಾರಣೆ ಆಗಲೇಬೇಕು. ಹಬ್ಬಕ್ಕೆಂದು ಚಿಂಚೋಳಿ ಕಡೆಯ ಊರಿಗೆ ಹೋದವನು ತಿರುಗಿ ಬರದಿದ್ದರೆ ಅವನ ಮನೆ ವಿಳಾಸಕ್ಕೆ ರಿಜಿಸ್ಟರ್ ಅಂಚೆಯಲ್ಲಿ ‘ಕೆಲಸಕ್ಕೆ ಬಾ’ ಎಂದು ಪತ್ರ ಹಾಕಿ, ರಸೀದಿ ಕಾದಿಡಿ. ನಾಳೆ ‘ನನ್ನನ್ನು ತೆಗೆದುಹಾಕಿದರು’ ಎಂಬ ದೂರು ಬಂದರೆ ನಿಮ್ಮ ಪರ ಮಾತಾಡುವುದು ಆ ರಸೀದಿಯೇ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರಕ್ಕೆ ಒತ್ತಿದೆ. ಕೆಲಸ ಬಿಟ್ಟವನ ಬಾಕಿ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಕೂಲಿ ಕೊಟ್ಟಿಲ್ಲವೆಂಬ ದೂರು ಬಂದರೆ ಕೊಟ್ಟಿದ್ದನ್ನು ಮಾಲೀಕನೇ ರುಜುವಾತು ಮಾಡಬೇಕು. ಆದ್ದರಿಂದ ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಿ. ಹಾಜರಿ ಪುಸ್ತಕದಲ್ಲಿ ದಿನದ ಸಹಿ ಅಂದಂದೇ ಆಗಲಿ. ವಾಡಿಯ ಸಿಮೆಂಟ್ ಕಾರ್ಖಾನೆಗೆ ಜನ ಕಳಿಸುವ ಸಣ್ಣ ಗುತ್ತಿಗೆದಾರರಿಗೂ ಇದೇ ಮಾತು.

ಕಾರ್ಮಿಕ ಇಲಾಖೆಯ ಸಂಧಾನದ ನೋಟಿಸ್ ಬಂದರೆ ದಾಖಲೆ ಹಿಡಿದುಕೊಂಡು ಹೋಗಿ, ಮನೆಯಲ್ಲಿ ಕೂಡಬೇಡಿ. ನ್ಯಾಯಾಲಯದಲ್ಲಿರುವ ಪ್ರಕರಣ ರಾಜಿಯಾಗುವಂತಿದ್ದರೆ ಲೋಕ ಅದಾಲತ್ತಿನಲ್ಲಿ ಮಾಡಿಕೊಳ್ಳಿ. ಅಲ್ಲಿನ ತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಮಾಲೀಕರಾಗಲಿ ಕಾರ್ಮಿಕರಾಗಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಸಹಾಯವಾಣಿ 15100.